ಸೇವೆ, ಮನ್ನಣೆ, ಹೊಣೆ

ಕೂಲಿ ಬಯಸದೆ ಮಾಡಿದ ಸೇವೆಗೆ ಸರ್ಕಾರ ಮನ್ನಣೆ ಕೊಟ್ಟರೆ ಆ ಸೇವೆಯ ಪುಣ್ಯ ಕರಗುತ್ತದೆಯೇ ಎಂಬುದು ಹಳೆಯ ಧರ್ಮಜಿಜ್ಞಾಸೆ. ಜನರ ಹೊಗಳಿಕೆಗಾಗಿ ದಾನ ಮಾಡಿದವನಿಗೆ ಫಲ ಅಲ್ಲಿಗೇ ಸಂದಿತು ಎನ್ನುತ್ತದೆ ಮತ್ತಾಯನ ಸುವಾರ್ತೆ. ಗೀತೆಯ ನಿಷ್ಕಾಮ ಕರ್ಮವೂ ಫಲದಾಸೆಯನ್ನು ದೂರವಿಡುತ್ತದೆ. ಎರಡೂ ನೋಡುವುದು ಮಾಡುವವನ ಮನಸ್ಸನ್ನು. ಸೇವೆಯಿಂದ ಹೊರಗುಳಿದವರ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ ಸಂಸ್ಥೆಯ ಚರಿತ್ರೆಯಲ್ಲಿ ಎದ್ದದ್ದು ಅದೇ ಪ್ರಶ್ನೆ.

1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಮೂರು ತಂಡಗಳೊಡನೆ ಈ ಸಂಸ್ಥೆಯನ್ನು ಆರಂಭಿಸಿದರು. ಊರೂರಲ್ಲಿ ತರಬೇತಿ, ಅಂಪೈರಿಂಗ್, ಮೈದಾನದ ಕೆಲಸಗಳನ್ನು ಮಕ್ಕಳ ತಂದೆತಾಯಿಗಳೂ ನೆರೆಹೊರೆಯವರೂ ಸಂಬಳವಿಲ್ಲದೆ ಹೊತ್ತರು. 1964ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ ಸಂಸ್ಥೆಗೆ ಸನ್ನದು ನೀಡಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಸನ್ನದಿನ ಜೊತೆ ಹೊಣೆಯೂ ಬಂತು: ಪ್ರತಿ ವರ್ಷ ಕಾಂಗ್ರೆಸ್‌ಗೆ ವರದಿ ಒಪ್ಪಿಸಬೇಕು, ಲಾಭಾಂಶ ಹಂಚುವಂತಿಲ್ಲ, ರಾಜಕೀಯಕ್ಕೆ ಇಳಿಯುವಂತಿಲ್ಲ.

ಒಳ್ಳೆಯ ಮನಸ್ಸಿನ ಸೇವೆಯಲ್ಲೂ ಅನ್ಯಾಯ ಉಳಿಯಬಹುದು. 1955ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಹುಡುಗರ ತಂಡದ ಎದುರು ಆಡಲೊಪ್ಪದೆ ಬಿಳಿಯರ ತಂಡಗಳು ಹಿಂದೆ ಸರಿದವು. ಆಡದೆ ಗೆದ್ದವರಿಗೆ ಮುಂದಿನ ಹಂತವಿಲ್ಲವೆಂದು ನಿಯಮ ಹೇಳಿತು. ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಹೋದ ಆ ಮಕ್ಕಳು ಲೀಗ್‌ನ ವಿಶ್ವ ಸರಣಿಯನ್ನು ನೋಡಿದರೇ ಹೊರತು ಆಡಲಿಲ್ಲ. ಇದು ಮನ್ನಣೆಗೆ ಮುಂಚಿನ ಮಾತು.

ಮನ್ನಣೆಯೂ ತಾನಾಗಿ ಅನ್ಯಾಯವನ್ನು ತೊಳೆಯಲಿಲ್ಲ. 1964ರ ಸನ್ನದು ಹುಡುಗರನ್ನಷ್ಟೇ ಹೆಸರಿಸಿತ್ತು. 1972ರಲ್ಲಿ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ಮರಿಯಾ ಪೆಪೆ ಎಂಬ ಹುಡುಗಿ ಮೂರು ಪಂದ್ಯ ಆಡುವಷ್ಟರಲ್ಲಿ ತಂಡ ಆಕೆಯನ್ನು ಕೈಬಿಡಬೇಕಾಯಿತು. ನಾಗರಿಕ ಹಕ್ಕುಗಳ ದೂರು ದಾಖಲಾಯಿತು. ಲೀಗ್ ಸಾರ್ವಜನಿಕರಿಗೆ ತೆರೆದ ವ್ಯವಸ್ಥೆಯಾದ್ದರಿಂದ ಹುಡುಗಿಯರನ್ನು ತಡೆಯುವಂತಿಲ್ಲ ಎಂಬ ತೀರ್ಪು 1973ರಲ್ಲಿ ಬಂತು. ಪೆಪೆಗೆ ಆಗಲೇ ಆಡುವ ವಯಸ್ಸು ಮೀರಿತ್ತು.

ಸರ್ಕಾರದ ಹೊಗಳಿಕೆ ಸ್ವಯಂಸೇವಕನ ಪುಣ್ಯವನ್ನು ಕಸಿಯುವುದಿಲ್ಲ, ಹೆಚ್ಚಿಸುವುದೂ ಇಲ್ಲ. ಸರ್ಕಾರ ಮನ್ನಿಸುವಾಗ ಅದು ಎಲ್ಲ ಪ್ರಜೆಗಳ ಹೆಸರಿನಲ್ಲಿ ಮನ್ನಿಸುತ್ತದೆ. ಹಾಗಾಗಿ ಹೊರಗುಳಿದವರು ಸಂಸ್ಥೆಯಿಂದಲೂ ಸರ್ಕಾರದಿಂದಲೂ ಉತ್ತರ ಕೇಳಲು ಹಕ್ಕುಳ್ಳವರು. ಕಾಂಗ್ರೆಸ್ ಕೊನೆಗೂ ಆ ಉತ್ತರ ಕೊಟ್ಟಿತು: 1974ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ ಸನ್ನದಿಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು, ಹುಡುಗಿಯರೂ ಅದರೊಳಗೆ ಬಂದರು.