ಚಾರಚಕ್ಷುಸ್ಸು ಮತ್ತು ಪ್ರಜೆಯ ಮನಸ್ಸು

ಪ್ರಾಚೀನ ನೀತಿಶಾಸ್ತ್ರಕಾರರು ರಾಜನನ್ನು ‘ಚಾರಚಕ್ಷು’ವೆಂದು ಕರೆದಿರುವರು. ಗೂಢಚಾರರೇ ಅವನ ಕಣ್ಣುಗಳೆಂಬದು ಇದರ ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿದ್ಯಾರ್ಥಿ, ಸನ್ಯಾಸಿ, ಒಕ್ಕಲಿಗ, ವ್ಯಾಪಾರಿ, ತಪಸ್ವಿ ಮೊದಲಾದವರ ವೇಷದಲ್ಲಿ ಸಂಚರಿಸುವ ಗೂಢಪುರುಷರ ವರ್ಣನೆಯು ವಿಸ್ತಾರವಾಗಿದೆ. ಆದಕಾರಣ ಬೇಹುಗಾರಿಕೆಯು ಭಾರತಕ್ಕೆ ಹೊಸದಲ್ಲ. ಅದು ಸರ್ವಥಾ ನಿಷಿದ್ಧವೆಂದು ಹೇಳುವದೂ ಶಕ್ಯವಿಲ್ಲ. ಕಳವು, ಕೊಲೆ, ಶತ್ರುವಿನ ಒಳಸಂಚು ಇವುಗಳ ಸುಳಿವನ್ನರಿಯದ ಪ್ರಭುತ್ವವು ಪ್ರಜೆಗಳನ್ನು ರಕ್ಷಿಸುವದಾದರೂ ಹೇಗೆ? ವಿಚಾರಾರ್ಹವಾದ ಪ್ರಶ್ನೆಯು ಬೇರೆಯೇ ಇರುವದು. ಕಾಯ್ದೆಯನ್ನು ಮೀರದೆ ತನ್ನ ಅಭಿಪ್ರಾಯವನ್ನು ನುಡಿಯುವ, ನಾಲ್ವರೊಡನೆ ಕೂಡಿ ಸಭೆ ನಡೆಸುವ ಪ್ರಜೆಯ ಬೆನ್ನ ಹಿಂದೆ ಆ ಕಣ್ಣನ್ನು ನಿಲ್ಲಿಸುವದು ಧರ್ಮವೋ ಅಧರ್ಮವೋ?

ಇದರ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು 1948ರ ಸೆಪ್ಟೆಂಬರದ ವರೆಗೆ ನಿಜಾಮನ ಹೈದರಾಬಾದ ಸಂಸ್ಥಾನದಲ್ಲಿದ್ದವು. ಆ ಸರಕಾರವು 1929ರಲ್ಲಿ ಹೊರಡಿಸಿದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಿಂದ ಸಾರ್ವಜನಿಕ ಸಭೆಗಳಿಗೆ ಅಧಿಕಾರಿಗಳ ಪೂರ್ವಾನುಮತಿಯು ಅವಶ್ಯವಾಯಿತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ಜನ್ಮ ತಾಳುವ ಮೊದಲೇ ನಿಷಿದ್ಧವಾಯಿತು. ಆ ನಿಷೇಧವು ತೆರವಾದದ್ದು 1946ರಲ್ಲಿ. 1938ರಲ್ಲಿಯೇ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳು ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟರು. ಇಲ್ಲಿ ದಂಡನೆಯು ಬಂದದ್ದು ಕೆಟ್ಟ ಕೃತ್ಯಕ್ಕಲ್ಲ, ಮುಂದೆ ಏನೋ ಆಗಬಹುದೆಂಬ ಶಂಕೆಗೆ. ಅನುಮತಿ ಮತ್ತು ಕಣ್ಗಾವಲು ಒಂದೇ ನಾಣ್ಯದ ಎರಡು ಮುಖಗಳು. ಹೇಗೆಂದರೆ, ಸಭೆಗೆ ಅಪ್ಪಣೆ ಬೇಡಿದವನು ತನ್ನ ಹೆಸರನ್ನು ತಾನೇ ಕಚೇರಿಯ ದಪ್ತರಕ್ಕೆ ಒಪ್ಪಿಸಿದಂತಾಗುವದು.

ಇದರಿಂದ ಸರಕಾರಕ್ಕೆ ದೊರೆತ ಫಲವೇನು? ಬಹಿರಂಗದ ಮಾತು ಅಡಗಿತು, ಅಸಮಾಧಾನವು ಅಡಗಲಿಲ್ಲ. 1947–48ರಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳೇ ಮೊದಲಾದವರು ಗಡಿಯನ್ನು ದಾಟಿ ಮುಂಡರಗಿಯಲ್ಲಿ ಶಿಬಿರವನ್ನು ಹೂಡಬೇಕಾಯಿತು. ಅದೇ ಕಾಲದಲ್ಲಿ ರಜಾಕಾರರು ಶಸ್ತ್ರಗಳನ್ನು ಹಿಡಿದು ಹಗಲಲ್ಲಿಯೇ ಊರುಗಳನ್ನು ಕಾಡುತ್ತಿದ್ದರು. ಅಭಿಪ್ರಾಯವನ್ನು ಕಾಯುವದರಲ್ಲಿ ಎಚ್ಚತ್ತಿದ್ದ ಕಣ್ಣು ಹಿಂಸೆಯೆದುರಿಗೆ ಮುಚ್ಚಿಕೊಂಡಿತು.

ಇಲ್ಲಿ ಪೂರ್ವಪಕ್ಷವೊಂದುಂಟು: “ತಪ್ಪು ಮಾಡದವನಿಗೆ ಭಯವೇಕೆ?” ಇದಕ್ಕೆ ಸಮಾಧಾನವೇನೆಂದರೆ, ಊಟವು ಅಪರಾಧವಲ್ಲ, ಆದರೂ ತುತ್ತುಗಳನ್ನು ಎಣಿಸುವವನ ಎದುರಿಗೆ ಕುಳಿತು ಯಾರೂ ಹೊಟ್ಟೆ ತುಂಬ ಉಣ್ಣಲಾರರು. ಸಭೆಯಲ್ಲಿ ವರದಿಗಾರನೊಬ್ಬನು ಅಡಗಿರುವನೆಂದು ತಿಳಿದ ಕ್ಷಣವೇ ಮಾತುಗಾರನು ಸತ್ಯವನ್ನಲ್ಲ, ಕ್ಷೇಮವನ್ನು ತೂಗಿ ನುಡಿಯತೊಡಗುವನು. ನೆರೆಯವನು ನೆರೆಯವನನ್ನು ಸಂಶಯದಿಂದ ನೋಡುವನು. ಯಾರೊಬ್ಬನನ್ನೂ ಸೆರೆಗೆ ಹಾಕದಿದ್ದರೂ ಊರಿನ ಪರಸ್ಪರ ವಿಶ್ವಾಸವು ಹಾಳಾಗುವದು; ಈ ನಷ್ಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವದಿಲ್ಲ.

ಈ ದೋಷವು ಅರಸೊತ್ತಿಗೆಯೊಂದಕ್ಕೇ ಅಂಟಿದುದೆಂದು ತಿಳಿಯಬಾರದು. ಸ್ವರಾಜ್ಯವು ಬಂದ ತರುವಾಯ, 1988ರಲ್ಲಿ, ದೂರವಾಣಿಯ ಕದ್ದಾಲಿಕೆಯ ಆರೋಪದಿಂದಾಗಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಪದವನ್ನು ಬಿಟ್ಟರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ನಿರ್ಣಯಿಸಿದರು. ಆದರೂ ಒಬ್ಬನ ದೂರವಾಣಿಯನ್ನು ಆಲಿಸಲು ಅಪ್ಪಣೆ ಕೊಡುವವರು ಗೃಹಖಾತೆಯ ಕಾರ್ಯದರ್ಶಿಗಳು. ಆ ಅಪ್ಪಣೆಯನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಅಧಿಕಾರಿಗಳೇ. ಮೊದಲು ನ್ಯಾಯಾಧೀಶನ ಸಮ್ಮತಿಯನ್ನು ಪಡೆಯಬೇಕೆಂಬ ನಿಯಮವಿಲ್ಲ. ಕಣ್ಣು ತನ್ನನ್ನು ತಾನು ಕಾಣಲಾರದೆಂಬದು ಲೋಕಸಿದ್ಧವಾದ ಮಾತು.

ಕೌಟಿಲ್ಯನು ಪೌರಜಾನಪದರ ನಡುವೆಯೂ ಚಾರರನ್ನು ಬಿಟ್ಟನೆಂಬದು ನಿಜ. ಆದರೆ ಅದಕ್ಕೂ ಮೊದಲು ಅವನು ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದ ಹದಿನೆಂಟು ತೀರ್ಥಗಳ ಮೇಲೆ, ಎಂದರೆ ಅಧಿಕಾರಸ್ಥರ ಮೇಲೆ, ಚಾರರನ್ನು ನಿಯಮಿಸಹೇಳಿದನು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಭದ್ರನು ಜನರಾಡಿಕೊಳ್ಳುವ ಅಪ್ರಿಯವಾದ ಮಾತನ್ನು ತಂದು ಅರುಹಿದಾಗ, ರಾಮನು ಕೈಗೊಂಡ ನಿರ್ಧಾರದ ಯುಕ್ತಾಯುಕ್ತತೆಯು ವಾದಗ್ರಸ್ತವಾಗಿದ್ದರೂ, ಮಾತಾಡಿದವರಲ್ಲಿ ಒಬ್ಬನನ್ನೂ ಅವನು ದಂಡಿಸಲಿಲ್ಲ. ಅರಸನೇ ಒಡೆಯನಾಗಿದ್ದ ಕಾಲದ ಮರ್ಯಾದೆಯಿದು. ಪ್ರಜೆಯೇ ಒಡೆಯನಾಗಿರುವ ಕಾಲದಲ್ಲಿ ಅಧಿಕಾರಿಯು ಸೇವಕನು. ಒಡೆಯನು ಸೇವಕನ ಲೆಕ್ಕವನ್ನು ಕೇಳುವದು ಯುಕ್ತವು. ಸೇವಕನು ಒಡೆಯನ ಮನಸ್ಸಿಗೆ ಕಾವಲಿಡುವದು ಯುಕ್ತವಲ್ಲ. ಕೃತ್ಯವು ಕಾಯ್ದೆಗೆ ಸೇರಿದ್ದು, ಅದನ್ನು ವಿಚಾರಿಸಲು ನ್ಯಾಯಾಲಯವುಂಟು. ಮನಸ್ಸು ಪ್ರಜೆಗೆ ಸೇರಿದ್ದು. ಅದರ ಬಾಗಿಲನ್ನು ತೆರೆಯುವ ಅಧಿಕಾರವು ಅವನೊಬ್ಬನಿಗೇ ಇರತಕ್ಕದ್ದು.