ಮಾರ್ಕನ ಎರಡನೆಯ ಪಯಣ

ಭಾನುವಾರದ ಬಲಿಪೂಜೆಯಲ್ಲಿ ಮೊದಲನೆಯ ವಾಚನವನ್ನು ಓದಲು ಯುವಕನೊಬ್ಬ ಎದ್ದು ಬರುತ್ತಾನೆ. ಮನೆಯಲ್ಲಿ ನಾಲ್ಕು ಬಾರಿ ಓದಿಕೊಂಡೇ ಬಂದಿದ್ದಾನೆ. ಆದರೆ ವಾಚನಪೀಠದ ಮುಂದೆ ನಿಂತೊಡನೆ ಪ್ರವಾದಿಯ ಹೆಸರೇ ನಾಲಿಗೆಗೆ ಬಾರದು. ಮುಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಗುತ್ತಾರೆ. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು, “ಮುಂದಿನ ವಾರದಿಂದ ಟೀಚರಮ್ಮನೇ ಓದಲಿ” ಎನ್ನುತ್ತಾರೆ. ಅಲ್ಲಿಗೆ ವಾಚನ ಸುಗಮವಾಯಿತು. ಯುವಕ ಕೊನೆಯ ಸಾಲಿಗೆ ಸರಿದ. ಹಲವು ವರ್ಷಗಳ ಹಿಂದೆ ಹಾಗೆ ಹೇಳಿದ ಹಿರಿಯ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಂದು ನನ್ನ ಬಳಿ ಒಂದು ವಾದವಿತ್ತು. ದೇವರ ವಾಕ್ಯವನ್ನು ಸ್ಪಷ್ಟವಾಗಿ ಕೇಳುವುದು ಸಭೆಯ ಹಕ್ಕು. ಒಬ್ಬ ಹುಡುಗನ ಕಲಿಕೆಗಾಗಿ ಇಡೀ ಸಭೆ ತಪ್ಪು ವಾಚನವನ್ನೇಕೆ ಸಹಿಸಬೇಕು? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಸ್ವತಃ ಸಂತ ಪೌಲರೇ ಇಂಥ ಪ್ರಶ್ನೆ ಕೇಳಿದವರು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಆ ಪ್ರಸಂಗವಿದೆ. ಮೊದಲನೆಯ ಧರ್ಮಪ್ರಚಾರ ಯಾತ್ರೆಯಲ್ಲಿ ಪೌಲ ಮತ್ತು ಬಾರ್ನಬರಿಗೆ ಸಹಾಯಕನಾಗಿ ಹೊರಟ ಯುವಕ ಮಾರ್ಕ, ಪಂಫುಲಿಯ ಸೀಮೆಯ ಪೆರ್ಗದಲ್ಲಿ ಅವರನ್ನು ಬಿಟ್ಟು ಜೆರುಸಲೇಮಿಗೆ ಹಿಂದಿರುಗಿದ. ಕಾರಣವನ್ನು ಲೂಕ ಬರೆದಿಲ್ಲ. ಮುಂದೆ ಎರಡನೆಯ ಯಾತ್ರೆಗೆ ಸಿದ್ಧರಾದಾಗ ಬಾರ್ನಬರು ಅವನನ್ನೂ ಕರೆದೊಯ್ಯೋಣ ಎಂದರು. ನಡುದಾರಿಯಲ್ಲಿ ಕೈಬಿಟ್ಟವನು ಬೇಡವೆಂದರು ಪೌಲರು. ವಾಗ್ವಾದ ತೀವ್ರವಾಗಿ ಈ ಇಬ್ಬರು ಮಹಾನುಭಾವರೇ ಬೇರೆಬೇರೆ ದಾರಿ ಹಿಡಿದರು.

ಪೌಲರದು ಕಠಿಣ ಹೃದಯವೆಂದು ನಾವು ಆತುರದಿಂದ ತೀರ್ಮಾನಿಸಬಾರದು. ಅವರು ಹೋಗುತ್ತಿದ್ದದ್ದು ಕಲ್ಲೇಟು ಬೀಳುವ ಊರುಗಳಿಗೆ. ಆದರೆ ಪೌಲರ ಬದುಕಿನಲ್ಲೂ ಬಾರ್ನಬರ ಋಣವೊಂದಿತ್ತು. ಧರ್ಮಸಭೆಯನ್ನು ಹಿಂಸಿಸಿದ್ದ ಸೌಲನನ್ನು ಜೆರುಸಲೇಮಿನಲ್ಲಿ ಯಾರೂ ನಂಬದಿದ್ದಾಗ ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವರು ಬಾರ್ನಬರು. ತಾರ್ಸಕ್ಕೆ ಹೋಗಿ, ಹುಡುಕಿ, ಅಂತಿಯೋಕ್ಯದ ಸೇವೆಗೆ ಕರೆತಂದವರೂ ಅವರೇ.

ಆ ಬಾರ್ನಬರು ಮಾರ್ಕನಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಅವನನ್ನು ಜೊತೆಗಿರಿಸಿಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದರು. ಅದು ಬಾರ್ನಬರ ಹುಟ್ಟೂರ ಸೀಮೆ. ಮಾರ್ಕ ಮೊದಲು ಸೇವೆ ಆರಂಭಿಸಿದ ದ್ವೀಪವೂ ಹೌದು. ವರ್ಷಗಳು ಕಳೆದ ಮೇಲೆ, ಸೆರೆಯಲ್ಲಿದ್ದ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಮಾರ್ಕನನ್ನು ಕರೆತರುವಂತೆ ಕೋರುತ್ತಾರೆ, ಸೇವೆಗೆ ಅವನು ಬೇಕು ಎನ್ನುತ್ತಾರೆ. ಶುಭಸಂದೇಶವನ್ನು ಬರೆದ ಮಾರ್ಕನೂ ಇವನೇ ಎಂಬುದು ಪುರಾತನ ಪರಂಪರೆ.

ಇನ್ನು ಸಭೆಯ ಹಕ್ಕಿನ ಪ್ರಶ್ನೆ. ಇದಕ್ಕೆ ನನಗೆ ಉತ್ತರ ಹೊಳೆದದ್ದು ನಮ್ಮ ಹೊಸಪೇಟೆಯ ಅಣೆಕಟ್ಟಿನ ಬಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ರಭಸದಿಂದ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಲು ಹಿರಿಯ ತಜ್ಞರಾದ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಸುಮಾರು ಒಂದು ವಾರದಲ್ಲಿ ಕೆಲಸ ಮುಗಿದಾಗ ಕಂಪ್ಲಿಯ ಗದ್ದೆಗಳವರೆಗೂ ಜನ ನಿಟ್ಟುಸಿರು ಬಿಟ್ಟರು. ನಾನೂ ಸಂತೋಷಪಟ್ಟೆ. ಆದರೆ ಇಂಥ ವಿದ್ಯೆ ಅವರ ಬಳಿ ನಿಂತಿದ್ದ ಕಿರಿಯರ ಕೈಗಳಿಗೆ ಎಷ್ಟು ದಾಟಿತು ಎಂಬ ಯೋಚನೆ ಬಿಡಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಾರ್ಮೋನಿಯಂ ಒಬ್ಬರದೇ ಕೈಯಲ್ಲಿ, ಧರ್ಮೋಪದೇಶದ ತರಗತಿ ಒಬ್ಬರದೇ ಹೆಗಲ ಮೇಲೆ. ಅವರು ಹಾಸಿಗೆ ಹಿಡಿದ ವಾರ ಗಾಯನವೇ ಇಲ್ಲ. ಇಂದಿನ ಸಭೆಗೆ ವಾಕ್ಯವನ್ನು ಕೇಳುವ ಹಕ್ಕಿರುವಂತೆ ಇಪ್ಪತ್ತು ವರ್ಷಗಳ ಅನಂತರ ಅದೇ ಬೆಂಚುಗಳಲ್ಲಿ ಕೂರುವ ಸಭೆಗೂ ಇದೆಯಲ್ಲವೇ? ಆ ಹಕ್ಕನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಾಗೆಂದು ತಾಳ್ಮೆಯೆಂದರೆ ಕಣ್ಣುಮುಚ್ಚಿ ಬಿಟ್ಟುಬಿಡುವುದಲ್ಲ. ಹಂಪಿಯ ಬಳಿ ಹರಿಗೋಲನ್ನು ನೋಡಿದ್ದೀರಿ. ಹೊಸಬನ ಕೈಗೆ ಹುಟ್ಟು ಕೊಟ್ಟರೆ ಅದು ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಕಲಿಸುವವನು ಹುಟ್ಟನ್ನು ಕಸಿದುಕೊಂಡರೆ ಕಲಿಕೆಯಿಲ್ಲ. ಹೊಳೆ ತುಂಬಿದ ದಿನ ಕೊಟ್ಟರೆ ಹರಿಗೋಲೇ ಉಳಿಯದು. ಪಾಸ್ಖ ಜಾಗರಣೆಯ ದೀರ್ಘ ವಾಚನವನ್ನು ಹೊಸಬನಿಗೆ ಒಪ್ಪಿಸಬೇಕೆಂದು ಯಾರೂ ಹೇಳುವುದಿಲ್ಲ. ವಾರದ ದಿನದ ಪೂಜೆಯಿದೆ. ಹಿಂದಿನ ಸಂಜೆ ಅರ್ಧ ಗಂಟೆ ಜೊತೆಗೆ ಕೂರಬಹುದು. ಆ ಪ್ರವಾದಿ ಯಾರು, ಯಾರ ಮೇಲೆ ಸಿಟ್ಟಾಗಿದ್ದ ಎಂದು ಹೇಳಬಹುದು. ಅರ್ಥವಾದದ್ದನ್ನು ಓದುವಾಗ ನಾಲಿಗೆ ಅಷ್ಟಾಗಿ ತೊಡರುವುದಿಲ್ಲ. ಕಷ್ಟವೆಂದರೆ ಆ ಅರ್ಧ ಗಂಟೆ ನಮ್ಮಿಂದ ಹೋಗುತ್ತದೆ. ನನ್ನ ಅಂದಿನ ವಾದದ ಹಿಂದೆ ಅಡಗಿದ್ದದ್ದು ಬಹುಶಃ ಅದೇ.

ಸಂಡೂರಿನ ಗಣಿಗಳಿಗೂ ತೋರಣಗಲ್ಲಿನ ಕಾರ್ಖಾನೆಗೂ ಪಾಳಿಯ ಮೇಲೆ ಹೋಗುವ ಮಕ್ಕಳನ್ನು “ದೇವಾಲಯಕ್ಕೆ ಬರುವುದಿಲ್ಲ” ಎಂದು ದೂರುವ ನಾವು ಅವರ ಪಾಳಿಯ ವೇಳೆಯನ್ನು ಕೇಳಿದ್ದೇವೆಯೇ? ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಯುವಜನರಿಗೆ ಬರೆದ ‘ಕ್ರಿಸ್ತುಸ್ ವೀವಿತ್’ ಪ್ರಬೋಧನ ಪತ್ರದಲ್ಲಿ, ಯುವಜನರು ಬಯಸುವುದು ತಪ್ಪೇ ಮಾಡದ ಮಾರ್ಗದರ್ಶಕರನ್ನಲ್ಲ, ತಾವೂ ಕ್ಷಮೆ ಪಡೆದ ಪಾಪಿಗಳೆಂದು ಬಲ್ಲವರನ್ನು ಎಂಬ ಭಾವವಿದೆ. 2021ರ ಮೇ ತಿಂಗಳಲ್ಲಿ ಅವರು ಶ್ರೀಸಾಮಾನ್ಯರಿಗಾಗಿ ಧರ್ಮೋಪದೇಶಕರ ಸೇವಾಪದವಿಯನ್ನೇ ಸ್ಥಾಪಿಸಿದರು. ಪದವಿ ಬಂದಿತು, ಅದಕ್ಕೆ ಜನರನ್ನು ಸಿದ್ಧಗೊಳಿಸುವ ಕೆಲಸ ನಮ್ಮ ಮನೆಗಳಿಂದಲೇ ಆಗಬೇಕು.

ಅಂದು ಕೊನೆಯ ಸಾಲಿಗೆ ಸರಿದ ಯುವಕ ಈಚೆಗೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ತೋರಣಗಲ್ಲಿನಲ್ಲಿ ಕೆಲಸ, ಎರಡು ಮಕ್ಕಳ ತಂದೆ. ಹಳೆಯದನ್ನು ನೆನಪಿಸಿ ಕ್ಷಮೆ ಕೇಳಿದೆ. ಮತ್ತೆ ಓದುವೆಯಾ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಪಾಳಿ ಇಲ್ಲದ ಭಾನುವಾರ ನೋಡೋಣ ಅಂಕಲ್. ಆದರೆ ಹಿಂದಿನ ದಿನ ನೀವು ಕೂತು ಕೇಳಬೇಕು. ಹೆಸರುಗಳು ಕಡಿಮೆ ಇರೋ ವಾಚನ ಕೊಡಿ.”

ಶನಿವಾರ ಸಂಜೆ ಆರು ಗಂಟೆಗೆ ಬರುವೆನೆಂದು ಹೇಳಿದ್ದೇನೆ.