ಹೆಪ್ಪು ಯಾರ ಮನೆಯದು

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಮರಾಠಿ, ಈಚೆ ಕನ್ನಡ. ಎರಡೂ ಕಡೆ ಹಗಲಿರುಳು ಅದೇ ಮಗ್ಗಗಳ ಸದ್ದು. ನಮ್ಮ ಮೊಸರು ಕೆಟ್ಟ ದಿನ ಅವ್ವ ಬಟ್ಟಲು ಹಿಡಿದು ಆ ಮನೆಗೆ ಹೋಗುತ್ತಿದ್ದಳು. ಅವರದು ಕೆಟ್ಟರೆ ಆ ಮನೆಯ ಕಾಕು ಇಲ್ಲಿಗೆ ಬರುತ್ತಿದ್ದರು. ನಾವು ಹೆಪ್ಪು ಅನ್ನುತ್ತೇವೆ, ಅವರು ವಿರಜಣ. "ಈಗ ಇದು ಯಾರ ಮನಿ ಹೆಪ್ಪು?" ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಹಾಲಿಗೆ ಬಿದ್ದ ಮ್ಯಾಲ ಅದಕ್ಕ ಮನಿ ಎಲ್ಲೈತೋ?" ಎಂದಿದ್ದಳು ಅವ್ವ.

ಮುಂದೆ ರಸಾಯನಶಾಸ್ತ್ರ ಓದುವಾಗ ಯುರೇನಿಯಂ ಆ ಪ್ರಶ್ನೆಯನ್ನು ಮತ್ತೆ ತಂದಿಟ್ಟಿತು. ಯಾದಗಿರಿ ಜಿಲ್ಲೆಯಲ್ಲೂ ಒಂದು ಶಹಾಪುರವಿದೆ; ಆ ತಾಲ್ಲೂಕಿನ ಗೋಗಿಯ ನೆಲದಡಿ, ಸುಣ್ಣಕಲ್ಲು ಮತ್ತು ಗ್ರಾನೈಟಿನಲ್ಲಿ, ಯುರೇನಿಯಂ ಅದಿರಿದೆ. ಎರಡೂ ಊರಿಗೆ ಹೆಸರಿನದಷ್ಟೇ ನಂಟು, ಆದರೂ ಮನಸ್ಸು ಅತ್ತ ಹೋಗುತ್ತದೆ.

ಯುರೇನಿಯಂ ಎರಡು ಬದಿಗೆ ಎರಡು ಆಮ್ಲಜನಕಗಳನ್ನು ನೇರ ಗೆರೆಯಲ್ಲಿ ಹಿಡಿದು ನಿಂತರೆ ಅದು ಯುರೇನೈಲ್. ಪಠ್ಯಪುಸ್ತಕದ ಪ್ರಕಾರ ಇಲ್ಲಿ ಯುರೇನಿಯಂ ಆರು ಎಲೆಕ್ಟ್ರಾನುಗಳನ್ನು ಪೂರ್ತಿ ಕೊಟ್ಟುಬಿಟ್ಟಿದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಹಾಗಿಲ್ಲ. 92 ಪ್ರೋಟಾನುಗಳ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓಡುವುದರಿಂದ ಸಾಪೇಕ್ಷತೆಯನ್ನೂ ಸೇರಿಸಿ ಲೆಕ್ಕ ಮಾಡಬೇಕು. ಮಾಡಿದಾಗ ಅದರ 5ಎಫ್, 6ಡಿ ಕಕ್ಷಕಗಳು ಆಮ್ಲಜನಕದವುಗಳೊಡನೆ ಬೆರೆತಿರುವುದು ಕಾಣುತ್ತದೆ. ಕೊಟ್ಟೆನೆಂದದ್ದರಲ್ಲಿ ಒಂದಷ್ಟು, ಸಹವೇಲೆನ್ಸಿ ಎಂಬ ಹಂಚಿಕೆಯಾಗಿ, ಇಬ್ಬರ ನಡುವೆಯೇ ಉಳಿದಿದೆ. ಎಷ್ಟು? ರಾಬರ್ಟ್ ಮಲ್ಲಿಕನ್ ವಿಧಾನ ಒಂದು ಅಂಕಿ ಕೊಡುತ್ತದೆ. ಸಾಂದ್ರತೆ ತಗ್ಗುವಲ್ಲಿ ಗಡಿ ಎಳೆಯುವ ರಿಚರ್ಡ್ ಬೇಡರ್ ವಿಧಾನ ಇನ್ನೊಂದು. ಎರಡೂ ಸುಳ್ಳಲ್ಲ. ಗಡಿ ನಾವು ಎಳೆದದ್ದು. ಎಲೆಕ್ಟ್ರಾನಿನ ಮೇಲೆ ಯಾರ ಹೆಸರೂ ಬರೆದಿಲ್ಲ. ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಬಹುಕಾಲ ಕಾಡಿದ್ದು ಬೇರೆಯದೇ. ಯುರೇನಿಯಂ ದಾಟಿ ಪ್ಲುಟೋನಿಯಂ, ಅಮೆರಿಸಿಯಂ ಕಡೆ ಹೋದಂತೆ 5ಎಫ್ ಕಕ್ಷಕಗಳು ಒಳಕ್ಕೆ ಕುಗ್ಗುತ್ತವೆ, ಅವುಗಳ ಶಕ್ತಿಮಟ್ಟ ಇಳಿಯುತ್ತ ನೆರೆಯ ಪರಮಾಣುವಿನ ಮಟ್ಟಕ್ಕೆ ಬರುತ್ತದೆ. ಮಟ್ಟ ಸಮವಾದದ್ದಕ್ಕೇ ಬೆರಕೆ ಹೆಚ್ಚಿತೆಂದು ಗಣಿತ ಹೇಳುತ್ತದೆ. ಇಬ್ಬರ ನಡುವಿನ ಜಾಗವನ್ನು ನೋಡಿದರೆ ಅಲ್ಲಿ ಎಲೆಕ್ಟ್ರಾನ್ ಕೂಡಿಬಿದ್ದಿರುವುದಿಲ್ಲ; ಬಂಧ ಅದರಿಂದ ಅಷ್ಟೇನೂ ಗಟ್ಟಿಯಾಗಿರುವುದಿಲ್ಲ. ಇದಕ್ಕೂ ಹೆಸರು ಸಹವೇಲೆನ್ಸಿಯೇ.

ಈಗ ನಾನಿರುವುದು ನಗರದ ಅಪಾರ್ಟ್‌ಮೆಂಟಿನಲ್ಲಿ. ಪಕ್ಕದವರದೂ ನಮ್ಮದೂ ಒಂದೇ ಬಗೆಯ ಕೆಲಸ, ಹೆಚ್ಚುಕಡಿಮೆ ಒಂದೇ ಸಂಬಳ. ಮಕ್ಕಳು ಹತ್ತುವುದೂ ಒಂದೇ ಬಸ್ಸು. ಯಾರಾದರೂ ಲೆಕ್ಕ ಹಾಕಿದರೆ ನಾವು ತೀರಾ ಹತ್ತಿರದವರು. ನಾಲ್ಕು ವರ್ಷದಲ್ಲಿ ಆ ಮನೆಯ ಬಟ್ಟಲು ಈ ಮನೆಗೆ ಬಂದಿಲ್ಲ, ನಮ್ಮದು ಅಲ್ಲಿಗೆ ಹೋಗಿಲ್ಲ. ಅವರ ತಪ್ಪೆಂದು ಹೇಳಲಾರೆ. ಬಾಗಿಲು ತಟ್ಟದೆ ಉಳಿದವನು ನಾನೂ ಹೌದು.

ಅವ್ವ ಈಗಿಲ್ಲ. ಹೋದ ಬೇಸಿಗೆಯಲ್ಲಿ ಶಹಾಪುರದ ಮನೆಯ ಬೀಗ ತೆಗೆದು ಹಾಲು ಕಾಯಿಸಿಟ್ಟಿದ್ದೆ. ಸಪ್ಪಳ ಕೇಳಿ ಕಾಕು ಬಂದರು, ಸೆರಗಿನಡಿ ಸ್ಟೀಲಿನ ಬಟ್ಟಲು. "ತಗೋ ಬಾಳಾ," ಎಂದರು ತಮ್ಮ ಬೆರಕೆ ಕನ್ನಡದಲ್ಲಿ, "ನಿಮ್ಮ ಅವ್ವಂದೇ ವಿರಜಣ."